ಗೀಟು ಹಾಕಿದ ರೇಟು: ಲ್ಯಾಪ್‌ಟಾಪ್ ಕೊಳ್ಳುವ ಮೊದಲು ಒಂದು ಲೆಕ್ಕ

(ಸಂಘದ ಕುಟುಂಬ ಸಂಗಮದ ಮಾಹಿತಿ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ವೇದಿಕೆಯಲ್ಲಿರುವ ಹಿರಿಯರೇ, ಡ್ಯೂಟಿ ಮುಗಿಸಿ ಕ್ಯಾಂಪುಗಳಿಂದ ನೇರವಾಗಿ ಬಂದಿರುವ ಸಹೋದರರೇ, ಹಿಂದಿನ ಸಾಲಿನಲ್ಲಿ ಮಕ್ಕಳನ್ನು ಸುಧಾರಿಸಿಕೊಂಡು ಕೂತಿರುವ ತಾಯಂದಿರೇ, ಸಹೋದರಿಯರೇ,

ವೀಸಾ, ವಿಮೆ, ಗ್ರಾಚ್ಯುಟಿ ಬಗ್ಗೆ ಈ ಹಿಂದೆ ಇದೇ ಶಿಬಿರದಲ್ಲಿ ಮಾತಾಡಿದ್ದೇವೆ. ಇವತ್ತಿನ ವಿಷಯ ಲ್ಯಾಪ್‌ಟಾಪ್. ಇದರಲ್ಲಿ ಎಂತ ಮಾತಾಡ್ಲಿಕ್ಕುಂಟು ಅಂತ ಕೆಲವರಿಗೆ ಅನ್ನಿಸಬಹುದು. ಆದ್ರೆ ಲೆಕ್ಕಪತ್ರದ ಕೆಲಸ ಮಾಡುವ ನಮ್ಮಂಥವರ ಹತ್ತಿರ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ಪಿಯುಸಿ ರಿಸಲ್ಟ್ ಬಂದ ಮೇಲೆ ಶುರುವಾಗ್ತದೆ. "ಮಗನಿಗೆ ಸೀಟು ಸಿಕ್ಕಿತು, ಲ್ಯಾಪ್‌ಟಾಪ್ ಬೇಕಂತೆ. ಇಲ್ಲೊಂದು ಆಫರ್ ಉಂಟು, ತೆಗೆಯಬಹುದಾ?" ಅಂತ ವಾಟ್ಸಾಪಿನಲ್ಲಿ ಒಂದು ಫೋಟೋ ಬರ್ತದೆ. ಆ ಫೋಟೋದಲ್ಲಿ ಲ್ಯಾಪ್‌ಟಾಪಿಗಿಂತ ದೊಡ್ಡದಾಗಿ ಕಾಣುವುದು ಕೆಂಪು ಬಣ್ಣದ ಶೇಕಡಾ ಗುರುತು.

1,800 ದಿರ್ಹಮ್ ಸಂಬಳದವರಿಗೆ ಒಂದು ಸಾಧಾರಣ ಲ್ಯಾಪ್‌ಟಾಪ್ ಅಂದ್ರೆ ಒಂದು ತಿಂಗಳ ಪೂರ್ತಿ ದುಡಿಮೆ. ಊಟ, ಫೋನು, ಊರಿಗೆ ಕಳಿಸುವುದು ಎಲ್ಲ ಕಳೆದು ಉಳಿಸಿ ತೆಗೆಯುವುದಾದ್ರೆ ಆರೇಳು ತಿಂಗಳ ಉಳಿತಾಯ. ಅಷ್ಟು ದೊಡ್ಡ ಖರೀದಿಯನ್ನು ನಾವು ರಾತ್ರಿ ಹನ್ನೊಂದು ಗಂಟೆಗೆ ಬಂಕ್ ಬೆಡ್ಡಿನಲ್ಲಿ ಮಲಗಿಕೊಂಡು, "ಇನ್ನು 2 ಗಂಟೆ ಮಾತ್ರ" ಅಂತ ಓಡುವ ಗಡಿಯಾರ ನೋಡಿಕೊಂಡು ಮಾಡ್ತೇವೆ. ಮೀನು ತಗೊಳ್ಳುವಾಗ ಕಿವಿರು ಎತ್ತಿ ನೋಡುವ ಜನ ನಾವು. ಬಂದರಿಗೆ ಹೋದ್ರೆ ನಾಲ್ಕು ಬುಟ್ಟಿ ನೋಡದೆ ಬಂಗುಡೆ ತಗೊಳ್ಳುವುದಿಲ್ಲ. ಲ್ಯಾಪ್‌ಟಾಪಿಗೂ ಕಿವಿರು ಉಂಟು. ಅದನ್ನು ಎತ್ತಿ ನೋಡುವುದು ಹೇಗೆ ಅಂತ ಇವತ್ತು ಹೇಳ್ತೇವೆ.

ಬೇಕಾದ್ದು ಯಾವುದು?

ಒಂದು ಸಂಗತಿ ಹೇಳಬೇಕು. ಹೆಸರು, ಊರು ಬೇಡ. ನಮ್ಮ ಸಹೋದರರೊಬ್ಬರು ಮಗಳಿಗೆ 999 ದಿರ್ಹಮಿಗೆ ಲ್ಯಾಪ್‌ಟಾಪ್ ತೆಗೆದರು. ಅರ್ಧ ಬೆಲೆಯ ಆಫರ್. ಊರಿಗೆ ಹೋಗುವ ಗೆಳೆಯರ ಕೈಯಲ್ಲಿ ಕಳಿಸಿದರು. ಹೊಸದೇ, ಒಳ್ಳೆ ಹೆಸರಿನ ಕಂಪೆನಿಯದ್ದೇ. ಒಳಗೆ ಸೆಲೆರಾನ್ ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್. ವಿಂಡೋಸ್ 11ಕ್ಕೆ ಕನಿಷ್ಠ ಎಷ್ಟು ಬೇಕು ಅಂತ ಮೈಕ್ರೋಸಾಫ್ಟ್ ಹೇಳಿದೆಯೋ ಅಷ್ಟೇ. ಕನಿಷ್ಠ ಅಂದ್ರೆ ಆನ್ ಆಗ್ಲಿಕ್ಕೆ ಸಾಕು ಅಂತ ಅರ್ಥ, ಕೆಲಸ ಮಾಡ್ಲಿಕ್ಕೆ ಅಲ್ಲ. ಮಗಳು ಓದುತ್ತಿದ್ದದ್ದು ಕಂಪ್ಯೂಟರ್ ಸಾಯನ್ಸ್. ಎರಡು ಸಲ ಅಪ್‌ಡೇಟ್ ಆಗುವಷ್ಟರಲ್ಲಿ ಜಾಗ ಭರ್ತಿ. ಪ್ರೋಗ್ರಾಮ್ ಬರೆಯುವ ಸಾಫ್ಟ್‌ವೇರ್ ತೆರೆದ್ರೆ ಯಂತ್ರ ನಿಂತು ಹೋಗ್ತದೆ. ಆ ಹುಡುಗಿ ಒಂದು ವರ್ಷ ಹಾಸ್ಟೆಲಿನ ಗೆಳತಿಯರ ಲ್ಯಾಪ್‌ಟಾಪಿನಲ್ಲಿ, ಅವರು ಮಲಗಿದ ಮೇಲೆ, ಅಸೈನ್‌ಮೆಂಟ್ ಮಾಡಿದಳು. ಬಾಪಾನಿಗೆ ಹೇಳಲಿಲ್ಲ. ಓವರ್‌ಟೈಮ್ ಮಾಡಿ ತೆಗೆದದ್ದು, ಬೇಜಾರಾಗ್ತದೆ ಅಂತ. ಅವರು ರಜೆಯಲ್ಲಿ ಊರಿಗೆ ಹೋದಾಗ ಗೊತ್ತಾಯ್ತು. ಮತ್ತೆ ಇನ್ನೊಂದು ತೆಗೆದರು. ಎರಡರ ಹಣ ಕೂಡಿಸಿದ್ರೆ ಮೊದಲೇ ಬಹಳ ಒಳ್ಳೆಯದು ಬರ್ತಿತ್ತು.

ಆದ್ದರಿಂದ ಬೆಲೆ ನೋಡುವ ಮೊದಲು ಕೆಲಸ ನೋಡಬೇಕು. ಮಗು ಓದುವ ಕೋರ್ಸಿಗೆ ಯಾವ ಸಾಫ್ಟ್‌ವೇರ್ ಬೇಕು ಅಂತ ಕಾಲೇಜಿನಲ್ಲೇ ಕೇಳಿಸಿ. ಮೇಲಿನ ತರಗತಿಯ ಮಕ್ಕಳನ್ನು ಕೇಳಿದ್ರೆ ಇನ್ನೂ ಒಳ್ಳೆಯದು. ಬಿ.ಕಾಂ, ಬಿ.ಎ., ನರ್ಸಿಂಗ್ ಓದುವವರಿಗೆ 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಇರುವ ಸಾಧಾರಣ ಯಂತ್ರ ಸಾಕು. ಕಂಪ್ಯೂಟರ್ ಸಾಯನ್ಸಿನವರಿಗೆ 16 ಜಿಬಿ ರ‍್ಯಾಮ್ ಇರಲಿ. ಆರ್ಕಿಟೆಕ್ಚರ್, ಸಿವಿಲ್, ಮೆಕ್ಯಾನಿಕಲ್ ಮಕ್ಕಳು ತ್ರೀಡಿ ಚಿತ್ರ ಬಿಡಿಸುವುದಿದ್ರೆ ಮಾತ್ರ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿನ ಮಾತು. ಬಿ.ಕಾಂ ಓದುವ ಮೋನು ಗೇಮಿಂಗ್ ಲ್ಯಾಪ್‌ಟಾಪೇ ಬೇಕು ಅಂದ್ರೆ ಅಕೌಂಟೆನ್ಸಿಯಲ್ಲಿ ಅಂಥ ಪಾಠ ಇಲ್ಲ ಅಂತ ನಾವು ಖಾತ್ರಿ ಕೊಡ್ತೇವೆ.

ಅಗ್ಗ ಯಾವುದು ಅಂತ ತಿಳಿಯಲಿಕ್ಕೆ ನಮ್ಮ ಲೆಕ್ಕ ಬಹಳ ಸಣ್ಣದು. ಬೆಲೆಯನ್ನು ಅದು ಬಾಳುವ ತಿಂಗಳುಗಳಿಂದ ಭಾಗಿಸಿ. 1,200 ದಿರ್ಹಮಿನದ್ದು ಒಂದೂವರೆ ವರ್ಷಕ್ಕೆ ಮೂಲೆ ಸೇರಿದ್ರೆ ತಿಂಗಳಿಗೆ ಸುಮಾರು 67 ದಿರ್ಹಮ್ ಬಿತ್ತು. 1,900 ದಿರ್ಹಮಿನದ್ದು ನಾಲ್ಕು ವರ್ಷ ನಡೆದ್ರೆ ತಿಂಗಳಿಗೆ 40 ದಿರ್ಹಮಿನ ಒಳಗೆ. ಹೆಚ್ಚು ಬೆಲೆಯದ್ದೇ ಅಗ್ಗ ಆಯ್ತಲ್ಲ!

ಹೆಸರಿನ ಹಿಂದಿನ ನಂಬರ್

ಐ3, ಐ5, ಐ7 ಅಂತ ಎಲ್ಲರಿಗೂ ಗೊತ್ತುಂಟು. ಐ7 ಅಂದ ಕೂಡ್ಲೆ ದೊಡ್ಡದು ಅಂತ ತಿಳಿಯಬೇಡಿ. ಅದರ ಮುಂದೆ ಇರುವ ನಂಬರನ್ನು ಓದಿ. 6600ಯು ಅಂತ ಇದ್ರೆ 6ನೇ ತಲೆಮಾರು. 8350ಯು ಅಂದ್ರೆ 8ನೇದು. 1135, 1235 ಅಂತ ಇದ್ರೆ 11 ಮತ್ತು 12ನೇ ತಲೆಮಾರು. ಹಳೆಯ ಐ7-6600ಯುವಿನಲ್ಲಿ ಇರುವುದು ಎರಡೇ ಕೋರ್, ಐ5-1235ಯುವಿನಲ್ಲಿ ಹತ್ತು. ಎಎಂಡಿಯ ರೈಜನ್ 7000 ಸರಣಿಯಲ್ಲಿ ಇನ್ನೊಂದು ಸೂಕ್ಷ್ಮ ಉಂಟು. 7520ಯು, 7530ಯು ಎರಡೂ ನೋಡ್ಲಿಕ್ಕೆ ಅಣ್ಣ ತಮ್ಮ. ಆದ್ರೆ ಅಲ್ಲಿ ಮೂರನೇ ಅಂಕಿ ನೋಡಬೇಕು. 2 ಇದ್ರೆ 2019ರ ಹಳೆಯ ವಿನ್ಯಾಸ, ನಾಲ್ಕು ಕೋರ್. 3 ಇದ್ರೆ ಅದರ ನಂತರದ ವಿನ್ಯಾಸ, ಆರು ಕೋರ್. ಹೊರಗಿನ ಪೆಟ್ಟಿಗೆಯ ಮೇಲೆ ಎರಡಕ್ಕೂ "ರೈಜನ್ 5" ಅಂತಲೇ ಇರ್ತದೆ.

ಇದು ಯಾಕೆ ಮುಖ್ಯ ಅಂದ್ರೆ, ಒಂದೇ ಹೆಸರಿನಲ್ಲಿ ಹತ್ತಾರು ಬಗೆ ಮಾರ್ತಾರೆ. ಐಡಿಯಾಪ್ಯಾಡ್ ಸ್ಲಿಮ್ 3 ಅಂತ ಒಂದು ಕಡೆ 1,500, ಇನ್ನೊಂದು ಕಡೆ 2,000 ಇದ್ರೆ ಮೊದಲನೆಯದು ಅಗ್ಗ ಅಂತ ಅರ್ಥ ಅಲ್ಲ, ಅದು ಬೇರೆಯೇ ಯಂತ್ರ ಇರಬಹುದು. ಪೆಟ್ಟಿಗೆಯ ಮೇಲಿನ ಪೂರ್ತಿ ಮಾಡೆಲ್ ನಂಬರ್ ಹಾಕಿ ಹುಡುಕಿದಾಗ ಮಾತ್ರ ಹೋಲಿಕೆ ನ್ಯಾಯ. ವಿವರದಲ್ಲಿ "ಡಾಸ್" ಅಂತ ಇದ್ರೆ ವಿಂಡೋಸ್ ಇಲ್ಲ ಅಂತ ತಿಳಿಯಿರಿ, ಅದರ ಖರ್ಚು ಬೇರೆ. ಹೊರಗಿನ ಮಾರಾಟಗಾರರು ಕೆಲವರು ಪೆಟ್ಟಿಗೆ ಬಿಚ್ಚಿ ತಾವೇ ರ‍್ಯಾಮ್ ಸೇರಿಸಿ "ಅಪ್‌ಗ್ರೇಡೆಡ್" ಅಂತ ಮಾರ್ತಾರೆ. ಅಂಥದ್ದಕ್ಕೆ ಕಂಪೆನಿ ವಾರಂಟಿ ನಿಲ್ತದಾ ಅಂತ ಬರಹದಲ್ಲಿ ಕೇಳಿ ತಿಳಿದುಕೊಳ್ಳಿ.

ಗೀಟು ಹಾಕಿದ ಬೆಲೆ

ಈಗ ಮುಖ್ಯ ಮಾತಿಗೆ ಬರೋಣ. ಪರದೆಯಲ್ಲಿ 3,199 ಅಂತ ಬರೆದು ಗೀಟು ಎಳೆದಿರ್ತಾರೆ. ಕೆಳಗೆ 1,899. ಶೇಕಡಾ 41 ರಿಯಾಯ್ತಿ, 1,300 ದಿರ್ಹಮ್ ಲಾಭ ಅಂತ ನಮಗೆ ಅನ್ನಿಸ್ತದೆ. ಈ 3,199ಕ್ಕೆ ಆ ಯಂತ್ರವನ್ನು ಯಾರಾದ್ರೂ ಎಂದಾದ್ರೂ ಕೊಂಡಿದ್ದಾರಾ? ಅದು ಎರಡು ವರ್ಷ ಹಿಂದೆ ಮಾರುಕಟ್ಟೆಗೆ ಬಂದಾಗಿನ ಬೆಲೆ ಇರಬಹುದು, ಮಾರುವವನೇ ಹಾಕಿಕೊಂಡ ಬೆಲೆಯೂ ಇರಬಹುದು. ಮೂರು ವಾರ ಹಿಂದೆ ಅದೇ ಯಂತ್ರ 1,949ಕ್ಕೆ ಸಿಗ್ತಿತ್ತು ಅಂತ ಇಟ್ಟುಕೊಳ್ಳಿ. ಆಗ ನಿಜವಾದ ಉಳಿತಾಯ 50 ದಿರ್ಹಮ್. ನಮ್ಮ ವೃತ್ತಿಯಲ್ಲಿ ಹೇಳುವುದಾದ್ರೆ, ಖರ್ಚಾಗದ ಹಣವನ್ನು ಆದಾಯ ಅಂತ ಪುಸ್ತಕದಲ್ಲಿ ಬರೆಯಲಿಕ್ಕಾಗುವುದಿಲ್ಲ.

ಇದಕ್ಕೆ ಮದ್ದು ಒಂದು ನೋಟ್ ಪುಸ್ತಕ. ಬೇಕಾದ ಯಂತ್ರ ಯಾವುದು ಅಂತ ಗೊತ್ತಾದ ಮೇಲೆ ಮೂರು ಮಾಡೆಲ್ ಆರಿಸಿ. ಪ್ರತಿ ಶುಕ್ರವಾರ ಜುಮಾ ಮುಗಿಸಿ ಬಂದ ಮೇಲೆ ಮೂರು ನಾಲ್ಕು ಕಡೆಯ ಬೆಲೆ, ತಾರೀಕು ಹಾಕಿ ಬರೆದಿಡಿ. ಅಮೆಝಾನ್, ನೂನ್, ಶರಫ್ ಡಿಜಿ, ಲುಲು, ಕ್ಯಾರಫೋರ್ ಹೀಗೆ. ನಾಲ್ಕು ವಾರ ಸಾಕು. ಐದನೇ ವಾರ ಆಫರ್ ಬಂದಾಗ ಅದು ಆಫರಾ, ಬರೀ ಬಣ್ಣವಾ ಅಂತ ನಿಮ್ಮ ಪುಸ್ತಕವೇ ಹೇಳ್ತದೆ. ಊರಿನ ಅಮೆಝಾನಿನ ಹಳೆಯ ಬೆಲೆಗಳನ್ನು ಕೀಪಾ ಎಂಬ ತಾಣ ಗೆರೆ ಎಳೆದು ತೋರಿಸ್ತದೆ. ಮಕ್ಕಳಿಗೆ ಹೇಳಿದ್ರೆ ನೋಡಿ ಹೇಳ್ತಾರೆ.

ನಾಲ್ಕು ವಾರ ಕಾಯಲಿಕ್ಕೆ ಮೊದಲೇ ಯೋಚನೆ ಮಾಡಿರಬೇಕು. ಇಲ್ಲಿ ಬೆಲೆ ಇಳಿಯುವ ಕಾಲ ಬಹುತೇಕ ಗೊತ್ತಿದ್ದದ್ದೇ. ಶಾಲೆ ತೆರೆಯುವ ಆಗಸ್ಟ್, ರಮಝಾನ್, ನವೆಂಬರಿನ ಕೊನೆ, ಆಮೇಲೆ ದುಬೈ ಶಾಪಿಂಗ್ ಫೆಸ್ಟಿವಲ್. ನವೆಂಬರಿನ ವೈಟ್ ಫ್ರೈಡೇಯನ್ನು 2014ರಲ್ಲಿ ಶುರು ಮಾಡಿದ್ದು ಸೂಕ್ ಡಾಟ್ ಕಾಮ್. ಜುಮಾದ ದಿನವನ್ನು ಕಪ್ಪು ಅನ್ನುವುದು ಬೇಡ ಅಂತ ಅಮೆರಿಕದ ಬ್ಲ್ಯಾಕ್ ಫ್ರೈಡೇ ಇಲ್ಲಿ ಬಿಳಿಯಾಯ್ತು. ಆ ಸೂಕ್ ಅನ್ನು 2017ರಲ್ಲಿ ಅಮೆಝಾನ್ ಕೊಂಡಿತು. ಊರಲ್ಲಾದ್ರೆ ಸ್ವಾತಂತ್ರ್ಯ ದಿನ, ದಸರಾ ದೀಪಾವಳಿ, ಗಣರಾಜ್ಯೋತ್ಸವದ ಹೊತ್ತು.

ಕೂಪನ್ ಮತ್ತು ಬ್ಯಾಂಕ್ ಆಫರಿನ ಸಣ್ಣ ಅಕ್ಷರ ಓದಿ. "ಶೇಕಡಾ 10, ಗರಿಷ್ಠ 150 ದಿರ್ಹಮ್" ಅಂತ ಇದ್ರೆ 1,899ಕ್ಕೆ ನಿಮಗೆ ಸಿಗುವುದು 190 ಅಲ್ಲ, 150. "ಕ್ಯಾಶ್‌ಬ್ಯಾಕ್" ಅಂದ್ರೆ ಎಷ್ಟೋ ಸಲ ಹಣ ಅವರ ವಾಲೆಟ್ಟಿನಲ್ಲೇ ಉಳಿತದೆ, ಮುಂದಿನ ಸಲ ಅಲ್ಲೇ ಖರ್ಚು ಮಾಡಬೇಕು. ಅದನ್ನು ಬೆಲೆಯಿಂದ ಕಳೆಯಬೇಡಿ.

ಇಲ್ಲಿಂದ ತೆಗೆಯುವುದಾ, ಊರಲ್ಲಿ ತೆಗೆಯುವುದಾ?

ಗಲ್ಫಿನಲ್ಲಿ ಎಲ್ಲ ಅಗ್ಗ ಎಂಬ ಕಾಲ ಒಂದಿತ್ತು. ಟೇಪ್ ರೆಕಾರ್ಡರ್ ಕಾಲದ ಆ ಲೆಕ್ಕ ಈಗ ಯಾವಾಗಲೂ ಹೊಂದುವುದಿಲ್ಲ. ತೆರಿಗೆಯ ವ್ಯತ್ಯಾಸ ನಿಜವೇ. ಊರಲ್ಲಿ ಲ್ಯಾಪ್‌ಟಾಪಿಗೆ ಶೇಕಡಾ 18 ಜಿಎಸ್‌ಟಿ. ಇಲ್ಲಿ ಎಮಿರೇಟ್ಸಿನಲ್ಲಿ ವ್ಯಾಟ್ ಶೇಕಡಾ 5, ಒಮಾನಿನಲ್ಲೂ ಅಷ್ಟೇ. ಬಹರೈನಿನಲ್ಲಿ 10, ಸೌದಿಯಲ್ಲಿ 2020ರ ಜುಲೈಯಿಂದ 15. ಸೌದಿಯ ಸಹೋದರರಿಗೆ ಊರಿಗೂ ಅಲ್ಲಿಗೂ ಮೂರೇ ಅಂಕ ವ್ಯತ್ಯಾಸ ಉಳಿಯಿತು. ಆದ್ರೆ ಊರಿನ ಹಬ್ಬದ ಮಾರಾಟದಲ್ಲಿ ಬ್ಯಾಂಕಿನ ರಿಯಾಯ್ತಿ, ವಿದ್ಯಾರ್ಥಿಗಳ ವಿಶೇಷ ದರ ಎಲ್ಲ ಸೇರಿದಾಗ ಈ ವ್ಯತ್ಯಾಸದಲ್ಲಿ ದೊಡ್ಡ ಪಾಲು ಕರಗಿ ಹೋಗ್ತದೆ.

ಲೆಕ್ಕ ಹಾಕಿ ನೋಡೋಣ. ದಿರ್ಹಮಿಗೆ 23 ರೂಪಾಯಿ ಅಂತ ಹಿಡಿಯೋಣ, ನೀವು ಅವತ್ತಿನ ದರ ಹಾಕಿಕೊಳ್ಳಿ. ಇಲ್ಲಿ 1,899, ಕೂಪನ್ 150 ಕಳೆದು 1,749. ರೂಪಾಯಿಯಲ್ಲಿ 40,227. ಅದೇ ದರ್ಜೆಯ ಯಂತ್ರ ಊರಲ್ಲಿ 46,990, ಬ್ಯಾಂಕ್ ರಿಯಾಯ್ತಿ 3,000 ಕಳೆದು 43,990. ಇಲ್ಲಿ ತೆಗೆದ್ರೆ 3,763 ರೂಪಾಯಿ ಉಳಿತು. ಇಷ್ಟಕ್ಕೆ ನಿಲ್ಲಿಸಿದ್ರೆ ಲೆಕ್ಕ ಅರ್ಧ.

ಉಳಿದ ಅರ್ಧ ಹೀಗೆ. ಒಂದು, ವಾರಂಟಿ. ಇಲ್ಲಿ ತೆಗೆದ ಯಂತ್ರ ಕೆಟ್ಟರೆ ಮಂಗಳೂರಿನ ಸರ್ವಿಸ್ ಸೆಂಟರಿನವರು ನೋಡ್ತಾರಾ? ಕೆಲವು ಕಂಪೆನಿಗಳ ಕೆಲವು ಮಾಡೆಲ್‌ಗಳಿಗೆ ಬೇರೆ ದೇಶದಲ್ಲೂ ವಾರಂಟಿ ಉಂಟು, ಕೆಲವಕ್ಕೆ ಇಲ್ಲ. ಅಂಗಡಿಯವನ ಬಾಯಿಮಾತು ಸಾಲದು, ಕಂಪೆನಿಯ ತಾಣದಲ್ಲಿ ನೋಡಿ. ಮದರ್‌ಬೋರ್ಡ್ ಒಂದು ಹೋದ್ರೆ ಈ 3,763 ಯಾವ ಮೂಲೆಗೂ ಸಾಲುವುದಿಲ್ಲ. ಎರಡು, ರಿಟರ್ನ್. ಸೇಲಿನಲ್ಲಿ ತೆಗೆದು, ಪೆಟ್ಟಿಗೆ ಒಡೆಯದೆ, ರಜೆಗೆ ಹೋಗುವ ತನಕ ಎರಡು ತಿಂಗಳು ಬೆಡ್ಡಿನ ಅಡಿಯಲ್ಲಿ ಇಡ್ತೇವೆ. ಊರಲ್ಲಿ ತೆರೆದಾಗ ಪರದೆಯಲ್ಲಿ ಗೆರೆ. ಅಷ್ಟರಲ್ಲಿ ವಾಪಸ್ ಕೊಡುವ ದಿನ ಮುಗಿದಿರ್ತದೆ. ಹಾಗಾಗಿ ಇಲ್ಲಿ ತೆಗೆದ್ರೆ ಬಂದ ದಿನವೇ ತೆರೆಯಿರಿ, ತೆರೆಯುವುದನ್ನು ಫೋನಿನಲ್ಲಿ ವಿಡಿಯೋ ಮಾಡಿ, ನಾಲ್ಕು ದಿನ ಚೆನ್ನಾಗಿ ಓಡಿಸಿ ನೋಡಿ. ಹೊಸ ಪೆಟ್ಟಿಗೆಯ ಪ್ಲಾಸ್ಟಿಕ್ ಮಗನೇ ಹರಿಯಲಿ ಎಂಬ ಆಸೆ ನಮಗೂ ಅರ್ಥ ಆಗ್ತದೆ. ಆದ್ರೂ ತೆರೆಯಿರಿ. ಮೂರು, ಕೀಬೋರ್ಡಿನಲ್ಲಿ ಅರಬಿ ಅಕ್ಷರ, ಇಲ್ಲಿನ ಮೂರು ಪಿನ್ನಿನ ಪ್ಲಗ್. ಇವು ದೊಡ್ಡ ತೊಂದರೆ ಅಲ್ಲ.

ನಾಲ್ಕು, ಊರಿಗೆ ತಲುಪಿಸುವುದು. 18 ವರ್ಷ ತುಂಬಿದ ಪ್ರಯಾಣಿಕರು ತಲಾ ಒಂದು ಲ್ಯಾಪ್‌ಟಾಪನ್ನು ಭಾರತಕ್ಕೆ ಕಸ್ಟಮ್ಸ್ ಸುಂಕ ಇಲ್ಲದೆ ತರಬಹುದು. ಗೆಳೆಯರ ಕೈಯಲ್ಲಿ ಕಳಿಸುವಾಗ ಅವರದ್ದೇ ಒಂದು ಇದ್ರೆ ನಿಮ್ಮದು ಎರಡನೆಯದು, ಅಲ್ಲಿ ಪ್ರಶ್ನೆ ಬರ್ತದೆ. ಸಣ್ಣ ಮಕ್ಕಳ ಟಿಕೆಟಿಗೆ ಈ ಸವಲತ್ತು ಇಲ್ಲ. ಬಿಲ್ ಜೊತೆಗಿರಲಿ, ಯಂತ್ರ ಹ್ಯಾಂಡ್ ಬ್ಯಾಗಿನಲ್ಲಿರಲಿ. ಒಳಗೆ ಲಿಥಿಯಂ ಬ್ಯಾಟರಿ ಇರುವ ಕಾರಣ ಕಾರ್ಗೋ ಪೆಟ್ಟಿಗೆಯಲ್ಲಿ ಬಟ್ಟೆ, ಹಾಲಿನ ಪುಡಿಯ ಜೊತೆ ತುರುಕಬೇಡಿ.

ಇದೆಲ್ಲ ನೋಡಿದ ಮೇಲೆ ನಾವು ಹೇಳುವ ಅಂದಾಜು ಇಷ್ಟು. ಕಳೆದು ಕೂಡಿಸಿ ಇಲ್ಲಿನ ಬೆಲೆ ಶೇಕಡಾ 10ರಷ್ಟೂ ಕಡಿಮೆ ಇಲ್ಲದಿದ್ರೆ ಊರಲ್ಲೇ ತೆಗೆಯಿರಿ. ಪ್ರತಿ ತಿಂಗಳು ಹೇಗೂ ಹಣ ಕಳಿಸ್ತೀರಿ, ಅದರ ಜೊತೆಗೇ ಸೇರಿಸಿ ಕಳಿಸಿದ್ರೆ ಬೇರೆ ಖರ್ಚಿಲ್ಲ. ವಾರಂಟಿ ಬಿ.ಸಿ.ರೋಡಿನಿಂದ ಬಸ್ಸು ಹತ್ತಿ ಹೋಗುವಷ್ಟು ಹತ್ತಿರ ಇರ್ತದೆ. ವ್ಯತ್ಯಾಸ ಹತ್ತು ಹನ್ನೆರಡು ಸಾವಿರ ಉಂಟು, ಭಾರತದಲ್ಲೂ ವಾರಂಟಿ ಉಂಟು ಅಂತಾದ್ರೆ ಇಲ್ಲಿಂದಲೇ ತೆಗೆಯಿರಿ. ಊರಲ್ಲಿ ಅಂಗಡಿ ಇರುವವರಿಗೆ ಒಂದು ಮಾತು. ಅಂಗಡಿ ಕೆಲಸಕ್ಕೆ ತೆಗೆದ ಲ್ಯಾಪ್‌ಟಾಪಿಗೆ ಜಿಎಸ್‌ಟಿ ಬಿಲ್ ಪಡೆದು ತೆರಿಗೆ ಹೊಂದಾಣಿಕೆ ಮಾಡಿಕೊಳ್ಳುವ ಅವಕಾಶ ಉಂಟು. ಮಗನ ಓದಿಗೆ ತೆಗೆದು ಅಂಗಡಿ ಹೆಸರಲ್ಲಿ ಬಿಲ್ ಮಾಡಿಸುವುದು ಕಾನೂನಿಗೂ ಸರಿಯಲ್ಲ, ನಮ್ಮ ದೀನಿಗೂ ಸರಿಯಲ್ಲ.

ಹಳೆಯದು ತೆಗೆಯಬಹುದಾ?

ತೆಗೆಯಬಹುದು. ಬರ್ ದುಬೈಯ ಖಾಲಿದ್ ಬಿನ್ ವಲೀದ್ ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಆಫೀಸುಗಳಲ್ಲಿ ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್ ಸಿಗ್ತವೆ. ಗಟ್ಟಿ ಯಂತ್ರಗಳು. ಆದ್ರೆ ಒಂದು ಗಡಿ ನೆನಪಿಡಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ನಡೆಯುವುದು ಇಂಟೆಲಿನಲ್ಲಾದ್ರೆ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಮೇಲಕ್ಕೆ. 6, 7ನೇ ತಲೆಮಾರಿನವು ಇಷ್ಟು ಅಗ್ಗಕ್ಕೆ ಬರ್ಲಿಕ್ಕೆ ಇದೂ ಒಂದು ಕಾರಣ. ಬ್ಯಾಟರಿ ಎಷ್ಟು ಉಳಿದಿದೆ ಅಂತ ತೋರಿಸುವ ರಿಪೋರ್ಟ್ ವಿಂಡೋಸಿನಲ್ಲೇ ಉಂಟು, ಅಂಗಡಿಯವರಿಂದ ತೆಗೆಸಿ ನೋಡಿ. ಹಳೆಯ ಕಂಪೆನಿಯ ಪಾಸ್‌ವರ್ಡ್, ಲಾಕ್ ಬಾಕಿ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

ಹೊಸದಾಗಲಿ ಹಳೆಯದಾಗಲಿ, ಕೊನೆಗೆ ಕೌಂಟರಿನಲ್ಲಿ ಸೇರಿಸುವ ಸಣ್ಣ ಪುಟ್ಟವನ್ನು ನೋಡಿಕೊಳ್ಳಿ. ಆಂಟಿವೈರಸ್ ವಿಂಡೋಸಿನ ಒಳಗೇ ಒಂದು ಉಂಟು. ವರ್ಡ್, ಎಕ್ಸೆಲ್ ಕಾಲೇಜಿನ ಇಮೇಲ್ ಇದ್ರೆ ಎಷ್ಟೋ ಕಡೆ ಮಕ್ಕಳಿಗೆ ಉಚಿತವಾಗಿ ಸಿಗ್ತದೆ. ಇವೆರಡಕ್ಕೆ ಹಣ ಕೊಡುವ ಮೊದಲು ಕೇಳಿ ನೋಡಿ.

ಕಂತಿನ ಮಾತು

"ಇವತ್ತು ಕಾಲು ಭಾಗ ಕೊಡಿ, ಉಳಿದದ್ದು ಮೂರು ಕಂತು, ಬಡ್ಡಿ ಇಲ್ಲ" ಅಂತ ಆ್ಯಪುಗಳು ಹೇಳ್ತವೆ. ಸರಿಯಾದ ದಿನಕ್ಕೆ ಕಟ್ಟಿದ್ರೆ ಬಡ್ಡಿ ಇಲ್ಲದಿರಬಹುದು. ಸಂಬಳ ಹತ್ತು ದಿನ ತಡವಾದ್ರೆ? ತಡವಾದದ್ದಕ್ಕೆ ಶುಲ್ಕ ಉಂಟಾ, ಎಷ್ಟು ಅಂತ ಮೊದಲೇ ಓದಿ. ಊರಿನ "ನೋ ಕಾಸ್ಟ್ ಇಎಂಐ"ಯಲ್ಲೂ ಬಡ್ಡಿ ಇದ್ದೇ ಇರ್ತದೆ. ಬ್ಯಾಂಕ್ ಹಾಕುವ ಬಡ್ಡಿಯಷ್ಟು ಮೊತ್ತವನ್ನು ಮಾರುವವರು ಬೆಲೆಯಲ್ಲಿ ಕಳೆದು ತೋರಿಸ್ತಾರೆ. ಆ ಬಡ್ಡಿಯ ಮೇಲಿನ ಶೇಕಡಾ 18 ಜಿಎಸ್‌ಟಿ ನಿಮ್ಮ ತಲೆಗೆ. ಬಡ್ಡಿ 2,500 ಇದ್ರೆ 450 ರೂಪಾಯಿ. ಮೇಲೆ ಪ್ರೊಸೆಸಿಂಗ್ ಫೀ ಬೇರೆ. ಇದು ದೀನಿನಲ್ಲಿ ಹೇಗೆ ಅಂತ ಉಸ್ತಾದರನ್ನು ಕೇಳಿ. ನಾವು ಹೇಳುವುದು ಅದು ಕಾಸಿಲ್ಲದ್ದು ಅಲ್ಲ ಎಂಬ ಲೆಕ್ಕ ಮಾತ್ರ.

ನಮ್ಮ ರೂಮುಗಳಲ್ಲಿ ಇದಕ್ಕಿಂತ ಒಳ್ಳೆ ದಾರಿ ಮೊದಲಿನಿಂದಲೂ ಉಂಟು. ಹತ್ತು ಜನ ತಿಂಗಳಿಗೆ 200 ದಿರ್ಹಮ್ ಹಾಕಿ, ತಿಂಗಳಿಗೊಬ್ಬರು 2,000 ಎತ್ತುವ ಕುರಿ ಫಂಡ್. ಬಡ್ಡಿ ಇಲ್ಲ, ಫೀ ಇಲ್ಲ. ಕಾಲೇಜು ಶುರುವಾಗುವ ತಿಂಗಳಿನ ಸರದಿಯನ್ನು ಆ ವರ್ಷ ಮಗುವನ್ನು ಸೇರಿಸುವ ಬಾಪಾನಿಗೆ ಬಿಟ್ಟುಕೊಟ್ರೆ ಅದು ದೊಡ್ಡ ಉಪಕಾರ.

ಮೋಸದ ಬಗ್ಗೆ ಎರಡೇ ಮಾತು. "ಗೋದಾಮು ಖಾಲಿ ಮಾಡ್ತಿದ್ದೇವೆ, 299ಕ್ಕೆ ಲ್ಯಾಪ್‌ಟಾಪ್" ಅಂತ ಬರುವ ಲಿಂಕ್ ಒತ್ತಬೇಡಿ, ಗೆಳೆಯರೇ ಕಳಿಸಿದ್ರೂ. ತಾಣದ ಹೆಸರನ್ನು ನೀವೇ ಟೈಪ್ ಮಾಡಿ ಹೋಗಿ. ಓಟಿಪಿ ಯಾರಿಗೂ ಹೇಳಬೇಡಿ. ಊರಲ್ಲಿ ಮನೆಯವರ ಹಣ ಹೋದ್ರೆ ಕೂಡ್ಲೆ 1930ಕ್ಕೆ ಫೋನ್ ಮಾಡಲಿ. ಕಂಪೆನಿ ಸತಾಯಿಸಿದ್ರೆ ಗ್ರಾಹಕ ಸಹಾಯವಾಣಿ 1915. ಎಲ್ಲಿ ದೂರು ಕೊಡುವುದಿದ್ರೂ ಬಿಲ್ ಬೇಕು. ಇಪ್ಪತ್ತು ದಿರ್ಹಮ್ ಕಡಿಮೆ ಮಾಡ್ತೇನೆ, ಬಿಲ್ ಬೇಡ ಅನ್ನುವವನಿಗೆ ಸಲಾಂ ಹೇಳಿ ಹೊರಗೆ ಬನ್ನಿ.

ಕೊನೆಯದಾಗಿ ಮಕ್ಕಳಿಗೆ ಮತ್ತು ಊರಲ್ಲಿ ಈ ಪತ್ರಿಕೆ ಓದುವ ಉಮ್ಮಂದಿರಿಗೆ. ಯಂತ್ರ ಸರಿ ಇಲ್ಲದಿದ್ರೆ ಮೊದಲ ವಾರವೇ ಹೇಳಿ. ಬಾಪಾನಿಗೆ ಬೇಜಾರಾಗ್ತದೆ ಅಂತ ಮುಚ್ಚಿಡುವುದು ಪ್ರೀತಿಯೇ ಹೌದು, ಆದ್ರೆ ವಾರದೊಳಗೆ ಹೇಳಿದ್ರೆ ಬದಲಿಸಬಹುದಾದದ್ದು ವರ್ಷ ಕಳೆದ್ರೆ ಬದಲಾಗುವುದಿಲ್ಲ. ಸಹೋದರರೇ, ನಿಮ್ಮ ಹತ್ತಿರ ಎಷ್ಟು ಹಣ ಉಂಟು ಅಂತ ಮಕ್ಕಳಿಗೆ ನೀವೂ ನೇರವಾಗಿ ಹೇಳಿ. ಅಷ್ಟರೊಳಗೆ ಒಳ್ಳೆಯದನ್ನು ಹುಡುಕುವ ಕೆಲಸ ಅವರಿಗೇ ಕೊಡಿ. ನಮಗಿಂತ ಚೆನ್ನಾಗಿ ಹುಡುಕ್ತಾರೆ, ಬಂದದ್ದನ್ನು ಜೋಪಾನವಾಗಿಯೂ ಇಡ್ತಾರೆ.

ಇನ್ನು ಮುಂದೆ ನಮಗೆ ವಾಟ್ಸಾಪ್ ಮಾಡುವಾಗ ಕೆಂಪು ಶೇಕಡಾದ ಫೋಟೋ ಬೇಡ. ಪೂರ್ತಿ ಮಾಡೆಲ್ ನಂಬರ್, ಮಗು ಓದುವ ಕೋರ್ಸ್, ನಾಲ್ಕು ವಾರದ ಬೆಲೆ, ಇಷ್ಟು ಬರೆದು ಕಳಿಸಿ. ಲೆಕ್ಕ ಹಾಕಿ ಉತ್ತರ ಕೊಡ್ತೇವೆ, ಇನ್ಶಾ ಅಲ್ಲಾಹ್.

ನಮ್ಮ ದುಡಿಮೆಯಲ್ಲಿ ಅಲ್ಲಾಹನು ಬರಕತ್ ನೀಡಲಿ, ನಮ್ಮ ಮಕ್ಕಳ ಓದು ಊರಿಗೂ ಸಮುದಾಯಕ್ಕೂ ಉಪಕಾರಕ್ಕೆ ಬರಲಿ. ಆಮೀನ್.

ಅಸ್ಸಲಾಮು ಅಲೈಕುಂ.